ಐಪಿ ವಿಳಾಸಗಳ ಹಂಚಿಕೆ ನಿಯಮಕ್ಕೂ ಮರುಪರಿಶೀಲನೆಯ ದಿನಾಂಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕೇಬಲ್ ಟಿ.ವಿ.ಯಿಂದ ಬ್ರಾಡ್‌ಬ್ಯಾಂಡಿಗೆ ಬಂದ ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಜಾಲದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ತಾಂತ್ರಿಕ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಇಂಟರ್‌ನೆಟ್ಟಿನಲ್ಲಿ ಒಂದೊಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳಾದ ಐಪಿ ವಿಳಾಸಗಳನ್ನು ಯಾರಿಗೆ, ಎಷ್ಟು, ಯಾವ ಆಧಾರದ ಮೇಲೆ ಹಂಚಬೇಕೆಂಬ ನಿಯಮಗಳು ಹಳತಾಗಿವೆ. ಅವುಗಳನ್ನು ತಿದ್ದುವ ಕೆಲಸ ಎಲ್ಲರಿಗೂ ತೆರೆದ ಬಾಗಿಲಿನೊಳಗೆ ನಡೆಯುತ್ತಿದೆ. ಆದರೆ ಆ ಬಾಗಿಲ ಬಳಿ ನಮ್ಮ ಭಾಗದವರು ಯಾರೂ ಕಾಣುತ್ತಿಲ್ಲ. ಇದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ವಿಷಯ ದೂರದ್ದಾಗಿ ಕಂಡೀತು ಎಂಬ ಅಂಜಿಕೆಯಿಂದ ಹತ್ತಿರದ ಒಂದು ಸಂಗತಿಯಿಂದಲೇ ತೊಡಗುತ್ತೇನೆ.

ಕಳೆದ ಶ್ರಾವಣದಲ್ಲಿ ಗುಳೇದಗುಡ್ಡದ ಖಣದ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಗೂ ಅದರ ಹಿಂದಿನ ಮಗ್ಗದ ಕೋಣೆಗೂ ಸೇರಿ ನಾಲ್ಕು ಕ್ಯಾಮೆರಾ ಹಾಕಿಸಿದರು. ಮಗ ಪುಣೆಯಲ್ಲಿರುತ್ತಾನೆ, ಅಲ್ಲಿಂದಲೇ ಮೊಬೈಲಿನಲ್ಲಿ ಅಂಗಡಿಯನ್ನು ನೋಡುವಂತಾಗಬೇಕು ಎಂಬುದು ಅವರ ಆಸೆ. ಕ್ಯಾಮೆರಾದ ಚಿತ್ರಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆ ಹಳೆಯ ಮಾದರಿಯದು, ಬೇರೆ ಅಂಗಡಿಯಿಂದ ಕಡಿಮೆ ಬೆಲೆಗೆ ತಂದದ್ದು. ಅಂಗಡಿಯ ಟಿ.ವಿ.ಯಲ್ಲಿ ನಾಲ್ಕೂ ಚಿತ್ರಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ಪುಣೆಯ ಮೊಬೈಲಿನಲ್ಲಿ ಮಾತ್ರ ಬರಿಯ ಕಪ್ಪು ಚೌಕ. ನಾನು ಹೋಗಿ ರೌಟರಿನ ಪುಟ ತೆರೆದಾಗ 100.72 ಎಂದು ಆರಂಭವಾಗುವ ವಿಳಾಸ ಕಂಡಿತು. ಅದು ಹೊರಜಗತ್ತಿಗೆ ಕಾಣದ ವಿಳಾಸ. ಸೇವೆ ಒದಗಿಸುವವರು ತಮ್ಮ ಜಾಲದ ಒಳಗೆ ಮಾತ್ರ ಬಳಸಿಕೊಳ್ಳಲೆಂದು 2012ರಲ್ಲಿ ಮೀಸಲಿಟ್ಟ ಗುಂಪಿನದು. ಹೊರಗಿನಿಂದ ಆ ಡಿವಿಆರನ್ನು ತಲುಪಲು ಪಬ್ಲಿಕ್ ಐಪಿ, ಅಂದರೆ ಹೊರಜಗತ್ತಿಗೆ ಕಾಣುವ ವಿಳಾಸ ಬೇಕು. ಇದನ್ನು ವಿವರಿಸಿದಾಗ ಅವರು, “ಸರ್ರ, ರೊಕ್ಕ ಎಷ್ಟರ ಆಗಲಿ ತಗೋರಿ, ನನ್ನ ಲೈನಿಗೆ ಒಂದು ಸ್ವಂತ ನಂಬರ್ ಕೊಡ್ರಿ” ಎಂದರು.

ಕೊಡಲು ನಮ್ಮಲ್ಲಿರುವುದೆಷ್ಟು? ನಮ್ಮ ಜಾಲದಲ್ಲಿ ಮನೆ, ಅಂಗಡಿ, ಕಚೇರಿ ಎಲ್ಲ ಸೇರಿ ಸುಮಾರು 1,900 ಸಂಪರ್ಕಗಳಿವೆ. ನಮಗೆ ಬ್ಯಾಂಡ್‌ವಿಡ್ತ್ ಮಾರುವ ಮೇಲಿನ ಕಂಪನಿಯಿಂದ ಬಾಡಿಗೆಗೆ ಪಡೆದ ಪಬ್ಲಿಕ್ ವಿಳಾಸಗಳು ಮೂವತ್ತೆರಡು. ಹೆಚ್ಚುಕಡಿಮೆ ಅರವತ್ತು ಸಂಪರ್ಕಗಳು ಒಂದೊಂದು ವಿಳಾಸದ ಹಿಂದೆ ನಿಂತಿವೆ. ಖಣದ ವ್ಯಾಪಾರಿಗೆ ಆ ಮೂವತ್ತೆರಡರಲ್ಲಿ ಒಂದನ್ನು ಬಿಡಿಸಿಕೊಟ್ಟೆವು. ಅದರ ಹಿಂದಿದ್ದ ಮನೆಗಳನ್ನು ಉಳಿದ ಮೂವತ್ತೊಂದರ ಮೇಲೆ ಹೇರಿದೆವು.

ಒಂದೇ ವಿಳಾಸವನ್ನು ಹೀಗೆ ಹಲವರಿಗೆ ಹಂಚುವ ವಿಧಾನಕ್ಕೆ ನಾವು ನ್ಯಾಟ್ ಎನ್ನುತ್ತೇವೆ. ಒಂದೇ ಕಟ್ಟಡಕ್ಕೆ ಹಲವು ಬಾಗಿಲುಗಳಿದ್ದಂತೆ ಪ್ರತಿ ವಿಳಾಸಕ್ಕೂ 65,536 ಪೋರ್ಟ್‌ಗಳಿರುತ್ತವೆ. ಅವುಗಳನ್ನು ಮನೆಗಿಷ್ಟು ಎಂದು ಪಾಲು ಮಾಡುತ್ತೇವೆ. ಒಂದು ಮನೆಯಲ್ಲಿ ನಾಲ್ಕು ಮೊಬೈಲು, ಒಂದು ಟಿ.ವಿ., ಮಕ್ಕಳ ಲ್ಯಾಪ್‌ಟಾಪು ಒಟ್ಟಿಗೆ ನಡೆದರೆ ಆ ಮನೆಯ ಪಾಲು ಸಂಜೆಯ ಹೊತ್ತಿಗೆ ತೀರಿಹೋಗುತ್ತದೆ. ಅವರಿಗೆ ಅದು “ನೆಟ್ ಸ್ಲೋ” ಆಗಿ ಕಾಣುತ್ತದೆ. ಅರ್ಜಿ ತುಂಬುವ ಕೊನೆಯ ದಿನ ವಿದ್ಯಾರ್ಥಿಯೊಬ್ಬ ಜಾಲತಾಣ ತೆರೆದರೆ, ಅದೇ ವಿಳಾಸದಿಂದ ಆಗಲೇ ಹಲವರು ಬಂದಿರುವ ಕಾರಣ ಅವನನ್ನು ಯಂತ್ರವೆಂದು ಶಂಕಿಸಿ ಬಸ್ಸು, ಸಿಗ್ನಲ್ ದೀಪಗಳ ಚಿತ್ರಗಳನ್ನು ಮತ್ತೆಮತ್ತೆ ಗುರುತಿಸಲು ಹಚ್ಚುತ್ತದೆ. ಇವೆಲ್ಲ ದಿನನಿತ್ಯದ ದೂರುಗಳು. ಇವಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಮತ್ತೊಂದು ಪ್ರಕರಣ.

ಎರಡು ವರ್ಷಗಳ ಹಿಂದೆ ಹೊರಜಿಲ್ಲೆಯ ಪೊಲೀಸ್ ಠಾಣೆಯೊಂದರಿಂದ ನಮಗೆ ಪತ್ರ ಬಂತು. ಆನ್‌ಲೈನ್ ವಂಚನೆಯ ತನಿಖೆ. ಇಂಥ ದಿನ, ಇಂಥ ಹೊತ್ತಿಗೆ, ಈ ಐಪಿ ವಿಳಾಸವನ್ನು ಬಳಸಿದ ಗ್ರಾಹಕರ ಹೆಸರು ಕೊಡಿ ಎಂದು ಕೇಳಿದ್ದರು. ಯಾವ ಮನೆಯೆಂದು ಬೇರ್ಪಡಿಸಲು ಬೇಕಾದ ಪೋರ್ಟ್ ಸಂಖ್ಯೆ ಅದರಲ್ಲಿರಲಿಲ್ಲ. ಅವರಿಗೆ ಮಾಹಿತಿ ಕೊಟ್ಟ ಬ್ಯಾಂಕಿನವರೂ ಅದನ್ನು ದಾಖಲಿಸಿರಲಿಲ್ಲ. ಆ ಹೊತ್ತಿಗೆ ಆ ವಿಳಾಸದ ಹಿಂದೆ ನಲವತ್ತೇಳು ಮನೆಗಳ ಸಂಪರ್ಕ ಚಾಲ್ತಿಯಲ್ಲಿತ್ತು. ಲಾಗ್ ಕಡತಗಳ ಮುಂದೆ ಎರಡು ರಾತ್ರಿ ಕೂತರೂ ಆ ನಲವತ್ತೇಳರಲ್ಲಿ ಒಂದನ್ನು ಬೇರ್ಪಡಿಸಲಾಗಲಿಲ್ಲ. ಹಣ ಕಳೆದುಕೊಂಡವರಿಗೆ ನ್ಯಾಯ ಸಿಗಲಿಲ್ಲ. ಏನೂ ಅರಿಯದ ನಲವತ್ತಾರು ಕುಟುಂಬಗಳ ಹೆಸರುಗಳು ಒಂದು ಪಟ್ಟಿಗೆ ಸೇರಿದವು. ಆ ಪಟ್ಟಿಯನ್ನು ಟೈಪ್ ಮಾಡಿದವನು ನಾನೇ. ಅದರಲ್ಲಿ ನನಗೆ ಪಾಠ ಹೇಳಿದ ಗುರುಗಳ ಮನೆಯೂ ಇತ್ತು.

ಈ ಅಭಾವ ಬಂದದ್ದು ಹೇಗೆ ಎಂಬುದನ್ನು ಕಾಲುವೆ ನೀರಿನ ಊರಿನವರಿಗೆ ಹೇಳುವುದು ಕಷ್ಟವಲ್ಲ. ಐಪಿವಿ4 ಎಂಬ ಹಳೆಯ ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಆರಂಭದ ದಿನಗಳಲ್ಲಿ ಕೇಳಿದವರಿಗೆ ಕೇಳಿದಷ್ಟು ಕೊಟ್ಟರು. 17ರಿಂದ ಆರಂಭವಾಗುವ ಅಷ್ಟೂ ವಿಳಾಸಗಳು, ಅಂದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು, ಆ್ಯಪಲ್ ಕಂಪನಿಯೊಂದರ ಪಾಲಿಗೆ ಹೋದವು. ಅಂದು ಅದು ತಪ್ಪೆಂದು ಯಾರಿಗೂ ಅನಿಸಲಿಲ್ಲ, ಏಕೆಂದರೆ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಕಾಲುವೆಯ ಕೊನೆ ಭಾಗದ ರೈತರ ಹೊಲಗಳು ಆಗಿನ್ನೂ ನಕ್ಷೆಗೇ ಬಂದಿರಲಿಲ್ಲ. 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದ ಕೊನೆಯ ಐದು ಗುಂಪುಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿ ಬಾಗಿಲು ಮುಚ್ಚಲಾಯಿತು. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್ ಆ ಸಂಸ್ಥೆ. ಅದೇ ವರ್ಷದ ಏಪ್ರಿಲ್‌ನಲ್ಲಿ, ಐದೂ ಸಂಸ್ಥೆಗಳಲ್ಲಿ ಎಲ್ಲರಿಗಿಂತ ಮೊದಲು, ಅದು ತನ್ನ ಕೊನೆಯ ಗುಂಪಿಗೆ ಕೈ ಹಾಕಬೇಕಾಯಿತು. ಜಗತ್ತಿನ ಅರ್ಧಕ್ಕೂ ಹೆಚ್ಚು ಜನ ಇರುವ ಭಾಗದಲ್ಲಿಯೇ ಮೊದಲು ಬರ ಬಿತ್ತು. ಅದೇ ವರ್ಷ ಅಮೆರಿಕದಲ್ಲಿ, ದಿವಾಳಿಯಾದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಬಿಟ್ಟಿಯಾಗಿ ಹಂಚಿದ್ದು ಹೀಗೆ ಮಾರಾಟದ ಸರಕಾಯಿತು.

ಇಂಥ ಸ್ಥಿತಿಯಲ್ಲಿಯೂ ಹೊಸಬರಿಗೆ ಒಂದಿಷ್ಟು ಉಳಿದದ್ದು ಯಾರ ಔದಾರ್ಯದಿಂದಲೂ ಅಲ್ಲ, ಸಕಾಲದಲ್ಲಿ ಮಾಡಿದ ಒಂದು ನಿಯಮದಿಂದ. ಎಪಿನಿಕ್ ವ್ಯಾಪ್ತಿಯವರು ಕೂಡಿ ಚರ್ಚಿಸಿ, 103ರಿಂದ ಆರಂಭವಾಗುವ ಕೊನೆಯ ಗುಂಪಿನಲ್ಲಿ ಯಾರಿಗೂ 1,024ಕ್ಕಿಂತ ಹೆಚ್ಚು ಕೊಡಬಾರದೆಂದು ಗೊತ್ತುಪಡಿಸಿದರು. ಕೆಲವರು ಪಡೆದುಕೊಂಡು ಮಾರುತ್ತಿದ್ದಾರೆಂಬುದು ಗಮನಕ್ಕೆ ಬಂದಾಗ, ಪಡೆದ ಮೇಲೆ ಐದು ವರ್ಷ ವರ್ಗಾಯಿಸುವಂತಿಲ್ಲ ಎಂಬ ತಿದ್ದುಪಡಿ ಬಂತು. ಭಂಡಾರ ಕರಗುವ ವೇಗ ಕಂಡು 2019ರಲ್ಲಿ ಆ ಮಿತಿಯನ್ನು 512ಕ್ಕೆ ಇಳಿಸಿದರು. ಪ್ರತಿ ಹೆಜ್ಜೆಯನ್ನೂ ಯಾರೋ ಒಬ್ಬರು ಬರೆದು ಮುಂದಿಟ್ಟ ಪ್ರಸ್ತಾವವೇ ಆರಂಭಿಸಿತು ಎಂಬುದನ್ನು ಓದುಗರು ಗಮನಿಸಬೇಕು.

ಏಕೆಂದರೆ ಈ ನಿಯಮಗಳನ್ನು ಮಾಡುವುದು ಯಾವ ಸರ್ಕಾರವೂ ಅಲ್ಲ, ಯಾವ ಕಂಪನಿಯೂ ಅಲ್ಲ. ಎಪಿನಿಕ್‌ನಲ್ಲಿ ನಿಯಮ ಬದಲಿಸುವ ಪ್ರಸ್ತಾವವನ್ನು ಯಾರು ಬೇಕಾದರೂ ಸಲ್ಲಿಸಬಹುದು, ಸದಸ್ಯರಾಗಿರಬೇಕೆಂದೂ ಇಲ್ಲ. ಮುಕ್ತ ಸಭೆಗೆ ನಾಲ್ಕು ವಾರ ಮೊದಲು ಅದು ಎಲ್ಲರ ಓದಿಗೆ ಸಿಗಬೇಕು. ವರ್ಷಕ್ಕೆ ಎರಡು ಸಲ ನಡೆಯುವ ಆ ಸಭೆಯಲ್ಲಿ ಮತ ಎಣಿಸುವುದಿಲ್ಲ, ಒಮ್ಮತವನ್ನು ನೋಡುತ್ತಾರೆ. ಅಂದರೆ ಎಷ್ಟು ಕೈ ಎದ್ದವು ಎಂಬುದು ಮುಖ್ಯವಲ್ಲ, ಎತ್ತಿದ ಆಕ್ಷೇಪಕ್ಕೆ ಸಮರ್ಪಕ ಉತ್ತರ ಸಿಕ್ಕಿತೇ ಎಂಬುದು ಮುಖ್ಯ. ಅಲ್ಲಿ ಒಪ್ಪಿಗೆಯಾದದ್ದನ್ನು ಸದಸ್ಯರ ಸಭೆಯೂ ಒಪ್ಪಬೇಕು, ಬಳಿಕ ಮತ್ತೆ ನಾಲ್ಕು ವಾರ ಅಭಿಪ್ರಾಯಕ್ಕೆ ಬಿಡಬೇಕು, ಆಮೇಲೆ ಕಾರ್ಯಕಾರಿ ಮಂಡಳಿಯ ಅನುಮೋದನೆ. ಮನೆಯಲ್ಲಿ ಕೂತೇ ಸಭೆಯನ್ನು ನೋಡಬಹುದು, ಮಾತನಾಡಬಹುದು. ಇಷ್ಟು ತೆರೆದಿಟ್ಟ ನಿಯಮರಚನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಅದರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಆದರೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಯಾರಾದರೂ ಎದ್ದು ಪ್ರಸ್ತಾವ ತರುವವರೆಗೆ ಹಳೆಯ ನಿಯಮ ಹಾಗೆಯೇ ಮಲಗಿರುತ್ತದೆ. ವಿಳಾಸ ಹಂಚಿಕೆಯ ಮಾರ್ಗಸೂಚಿಯಾಗಿ 1996ರ ನವೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 2050 ಎಂಬ ದಾಖಲೆ, ಕೇಳಿದ ವಿಳಾಸಗಳಲ್ಲಿ ಶೇ 25ರಷ್ಟನ್ನು ಕೂಡಲೇ, ಶೇ 50ರಷ್ಟನ್ನು ವರ್ಷದೊಳಗೆ ಬಳಸಿ ತೋರಿಸಬೇಕೆಂದು ಹೇಳಿತ್ತು. ಆ ಕಾಲಕ್ಕೆ ಅದು ಒಳ್ಳೆಯ ಅಳತೆಗೋಲು. ಆದರೆ ಅದರ ಜಾಗದಲ್ಲಿ ಹೊಸ ದಾಖಲೆ ಬಂದದ್ದು 2013ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಜಾಗತಿಕ ಭಂಡಾರ ಬರಿದಾಗಿ ಎರಡು ವರ್ಷ ಕಳೆದಿತ್ತು.

ಇನ್ನೊಂದು ಉದಾಹರಣೆ ಇದಕ್ಕಿಂತ ಗಂಭೀರ. ಹೊಸ ಪ್ರಾದೇಶಿಕ ನೋಂದಣಿ ಸಂಸ್ಥೆಗೆ ಮಾನ್ಯತೆ ಕೊಡುವ ಷರತ್ತುಗಳನ್ನು ಹೇಳುವ ಐಸಿಪಿ-2 ಎಂಬ ದಾಖಲೆಯನ್ನು, ಇಂಟರ್‌ನೆಟ್ಟಿನ ಹೆಸರು ಮತ್ತು ವಿಳಾಸಗಳ ವ್ಯವಸ್ಥೆಯನ್ನು ಜಾಗತಿಕವಾಗಿ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 2001ರ ಜೂನ್‌ನಲ್ಲಿ ಅಂಗೀಕರಿಸಿತು. ಅದರ ಆಧಾರದ ಮೇಲೆ 2002ರಲ್ಲಿ ಲ್ಯಾಟಿನ್ ಅಮೆರಿಕಕ್ಕೆ, 2005ರಲ್ಲಿ ಆಫ್ರಿಕಾಕ್ಕೆ ಸ್ವಂತ ಸಂಸ್ಥೆಗಳು ಬಂದವು. ಸಂಸ್ಥೆ ಹುಟ್ಟುವುದು ಹೇಗೆಂದು ಆ ದಾಖಲೆ ಹೇಳಿತು. ಹುಟ್ಟಿದ ಸಂಸ್ಥೆ ಮುಂದೆ ಕುಸಿದರೆ ಏನು ಮಾಡಬೇಕೆಂದು ಹೇಳಲಿಲ್ಲ. ಮಾರಿಷಸ್‌ನಲ್ಲಿರುವ ಆಫ್ರಿಕಾದ ಸಂಸ್ಥೆ ನ್ಯಾಯಾಲಯದ ವ್ಯಾಜ್ಯಗಳಲ್ಲಿ ಸಿಲುಕಿ, ಆಡಳಿತ ಮಂಡಳಿಯೇ ಇಲ್ಲದಂತಾಗಿ, 2023ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ನೋಡಿಕೊಳ್ಳಲು ರಿಸೀವರ್ ಎಂಬ ಅಧಿಕಾರಿಯನ್ನು ನೇಮಿಸಬೇಕಾಗಿ ಬಂದಾಗ, ಒಂದು ಇಡೀ ಖಂಡದ ವಿಳಾಸ ನೋಂದಣಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ಒಂದು ಸಾಲೂ ಆ ದಾಖಲೆಯಲ್ಲಿ ಸಿಗಲಿಲ್ಲ. ಪರಿಷ್ಕರಣೆಗೆ ಕೈ ಹಚ್ಚಿದ್ದು ಆ ಸಂಕಟದ ನಡುವೆಯೇ. ಐದೂ ಪ್ರದೇಶಗಳಿಂದ ತಲಾ ಮೂವರಂತೆ ಹದಿನೈದು ಜನರ ಮಂಡಳಿ 2024ರಲ್ಲಿ ಮೂಲತತ್ವಗಳ ಬಗ್ಗೆ ಎಲ್ಲರ ಅಭಿಪ್ರಾಯ ಕೇಳಿತು. 2025ರಲ್ಲಿ ಪೂರ್ಣ ಕರಡನ್ನು ಪ್ರಕಟಿಸಿತು. ಮಾನ್ಯತೆ ಪಡೆದ ಮೇಲಿನ ಹೊಣೆಗಳು, ಮಾನ್ಯತೆಯನ್ನು ಹಿಂಪಡೆಯುವ ಕ್ರಮ ಇವೆಲ್ಲ ಆ ಕರಡಿನಲ್ಲಿ ಸೇರಿವೆ. ಮನೆಗೆ ನೀರು ನುಗ್ಗಿದ ಮೇಲೆ ಒಡ್ಡು ಹಾಕಿದಂತೆ ತಡವಾಯಿತಾದರೂ ಮುಕ್ತವಾಗಿಯೇ ಆಯಿತು ಎಂಬುದು ಸಮಾಧಾನ.

ಇಲ್ಲಿ ನನಗೆ ನಮ್ಮ ಕೃಷ್ಣೆಯ ನೆನಪಾಗುತ್ತದೆ. ಕೃಷ್ಣಾ ನೀರಿನ ಹಂಚಿಕೆ ಮಾಡಿದ ಬಚಾವತ್ ನ್ಯಾಯಮಂಡಳಿ 1976ರ ಆದೇಶದಲ್ಲಿಯೇ, 2000ದ ಮೇ 31ರ ನಂತರ ಈ ಹಂಚಿಕೆಯನ್ನು ಮರುಪರಿಶೀಲಿಸಬಹುದು ಎಂದು ಬರೆದಿಟ್ಟಿತ್ತು. ಮುಂದಿನ ಕಾಲು ಶತಮಾನದಲ್ಲಿ ಬೆಳೆ ಬದಲಾಗುತ್ತದೆ, ಊರು ಬೆಳೆಯುತ್ತದೆ, ಇಂದಿನ ಲೆಕ್ಕ ನಾಳೆಗೆ ಸಾಲದು ಎಂಬುದನ್ನು ಲೆಕ್ಕ ಮಾಡಿದವರೇ ಒಪ್ಪಿಕೊಂಡಿದ್ದರು. 2004ರಲ್ಲಿ ಎರಡನೆಯ ನ್ಯಾಯಮಂಡಳಿ ರಚನೆಯಾದಾಗ, ಹಳೆಯದನ್ನು ಮತ್ತೆ ನೋಡಲು ಆ ಆದೇಶದಲ್ಲಿಯೇ ಅವಕಾಶ ಬರೆದಿಟ್ಟಿತ್ತು. ಆ ತೀರ್ಪಿನಿಂದ ನಮಗೆ ದಕ್ಕಿದ್ದೆಷ್ಟು, ಕಳೆದದ್ದೆಷ್ಟು ಎಂಬುದು ಬೇರೆಯೇ ಮಾತು, ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರದ ಸೆಕ್ಟರಿಗೆ ಬಂದ ಕುಟುಂಬದವನಾದ ನನಗೆ ಆ ಮಾತು ಚೆನ್ನಾಗಿ ಗೊತ್ತು. ಹಂಚಿಕೆಯ ಆದೇಶದೊಳಗೇ ಮರುಪರಿಶೀಲನೆಯ ದಿನಾಂಕ ಕೂತಿತ್ತು ಎಂಬುದಷ್ಟೇ ಇಲ್ಲಿ ನನಗೆ ಬೇಕಾದದ್ದು.

ಐಪಿ ವಿಳಾಸಗಳ ಹಂಚಿಕೆಗೂ ಇದೇ ಪದ್ಧತಿ ಬರಬೇಕೆಂಬುದು ನನ್ನ ಕೋರಿಕೆ. ಯಾವ ಹಂಚಿಕೆ ನಿಯಮ ಮಾಡಿದರೂ, ಇಂಥ ವರ್ಷ ಇದನ್ನು ಮತ್ತೆ ಮುಕ್ತ ಸಭೆಯ ಮುಂದೆ ತರಲೇಬೇಕು ಎಂಬ ಒಂದು ಸಾಲು ಅದರ ಕೊನೆಯಲ್ಲಿರಲಿ. ಜಾಲಗಳ ಗಾತ್ರ ಬದಲಾಗುವ ವೇಗಕ್ಕೆ ಐದು ವರ್ಷ ಸರಿಯಾದ ಅವಧಿ ಎಂದು ನನ್ನ ಅಭಿಪ್ರಾಯ. ಆ ದಿನ ನಿಯಮವನ್ನು ಬದಲಿಸಲೇಬೇಕೆಂದಿಲ್ಲ; ಉಳಿಸಿಕೊಳ್ಳುವುದಾದರೆ ಏಕೆ ಉಳಿಸಿಕೊಳ್ಳುತ್ತೇವೆಂದು ಕಾರಣ ಕೊಟ್ಟು ಉಳಿಸಿಕೊಳ್ಳಲಿ. ಪ್ರಸ್ತಾವ ಬರೆಯಲು ಬೇಕಾದ ಬಿಡುವೂ ಇಂಗ್ಲಿಷೂ ಪ್ರಯಾಣದ ಖರ್ಚೂ ಇರುವವರು ಹೆಚ್ಚಾಗಿ ದೊಡ್ಡ ಕಂಪನಿಗಳವರು. ಕಂಬ ಹತ್ತಿ ಫೈಬರ್ ಜೋಡಿಸುವವರೇ ಸಂಜೆ ಬಿಲ್ ವಸೂಲಿಯನ್ನೂ ಮಾಡುವ ನಮ್ಮಂಥ ಜಾಲಗಳಿಂದ ಪ್ರಸ್ತಾವ ತಾನಾಗಿ ಹುಟ್ಟುವುದು ಕಷ್ಟ. ದಿನಾಂಕ ಮೊದಲೇ ಗೊತ್ತಿದ್ದರೆ ನಾವೂ ಸಿದ್ಧರಾಗಿ ಬರಬಹುದು.

ಐಪಿವಿ6 ಎಂಬ ಹೊಸ ಪದ್ಧತಿ ಬಂದಿರುವಾಗ ಹಳೆಯ ವಿಳಾಸಗಳ ಚಿಂತೆ ಏಕೆ ಎಂದು ತಿಳಿದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 1998ರಲ್ಲಿಯೇ ರೂಪುಗೊಂಡ ಆ ಪದ್ಧತಿಯಲ್ಲಿ ವಿಳಾಸಗಳಿಗೆ ಬರವೇ ಇಲ್ಲ. ಸಣ್ಣ ಸಂಸ್ಥೆಯೊಂದು ಪಡೆಯಬಹುದಾದ ಕನಿಷ್ಠ ಹಂಚಿಕೆಯಲ್ಲಿಯೇ ಒಂದೊಂದು ಮನೆಗೆ 256 ಉಪಜಾಲಗಳನ್ನು (ಒಂದೊಂದರಲ್ಲೂ ಎಷ್ಟೋ ಸಾಧನಗಳು ಹಿಡಿಸುವ ವಿಳಾಸಗಳ ಕಟ್ಟುಗಳನ್ನು) ಕೊಟ್ಟರೂ 1 ಕೋಟಿ 67 ಲಕ್ಷ ಮನೆಗಳಿಗೆ ಸಾಕಾಗುತ್ತದೆ. ಎಪಿನಿಕ್‌ನ ಅಳತೆಯಂತೆ ಭಾರತದಲ್ಲಿ ಅದರ ಬಳಕೆ ಶೇ 70ನ್ನು ದಾಟಿದೆ, ಜಗತ್ತಿನಲ್ಲಿಯೇ ಮುಂಚೂಣಿಯ ಸ್ಥಾನ ಅದು. ಅದರ ಬಹುಪಾಲು 2016ರ ನಂತರ 4ಜಿ ಮೊಬೈಲ್ ಜಾಲಗಳಿಂದ ಬಂದದ್ದು. 2022ರ ಡಿಸೆಂಬರ್ 31ರ ನಂತರ ಕೊಡುವ ಹೊಸ ತಂತಿ ಸಂಪರ್ಕಗಳೆಲ್ಲ ಐಪಿವಿ6 ಹೊರುವಂತಿರಬೇಕೆಂದು ದೂರಸಂಪರ್ಕ ಇಲಾಖೆಯೂ ಹೇಳಿದೆ. ಆದರೆ ಮನೆಗಳಲ್ಲಿ ಕೂತಿರುವ ಫೈಬರ್ ತಂತಿ ಬಂದು ಸೇರುವ ಹಳೆಯ ಓಎನ್‌ಯು ಪೆಟ್ಟಿಗೆಗಳು, ಹಳೆಯ ಡಿವಿಆರ್‌ಗಳು, ಇನ್ನೂ ಐಪಿವಿ4ರಲ್ಲಿಯೇ ಇರುವ ಎಷ್ಟೋ ಜಾಲತಾಣಗಳು ಇರುವತನಕ ಎರಡೂ ಪದ್ಧತಿಗಳನ್ನು ಜತೆಯಲ್ಲಿ ನಡೆಸುವುದು ಅನಿವಾರ್ಯ. ಮೇಲಾಗಿ ಐಪಿವಿ6ಕ್ಕೂ ಹಂಚಿಕೆಯ ನಿಯಮಗಳಿವೆ, ಅವೂ ಹಳತಾಗುತ್ತವೆ. ಪ್ರತಿ ಮನೆಗೆ 65,536 ಉಪಜಾಲಗಳಷ್ಟು ಕೊಡಿ ಎಂದು 2001ರಲ್ಲಿ ಹೇಳಿದ ಶಿಫಾರಸನ್ನು 2011ರಲ್ಲಿ ಸಡಿಲಿಸಬೇಕಾಯಿತು. ಧಾರಾಳವಿದ್ದ ಕಾಲದಲ್ಲಿ ಲೆಕ್ಕ ಬೇಡವೆಂದು ಬಿಟ್ಟದ್ದರ ಫಲವನ್ನು ಒಮ್ಮೆ ಉಂಡಿದ್ದೇವೆ.

ನಮ್ಮ ದೇಶದಲ್ಲಿ ವಿಳಾಸ ನೋಂದಣಿಯ ಕೆಲಸ ನಿಕ್ಸಿ (ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ) ಸಂಸ್ಥೆಯೊಳಗಿನ ಇರಿನ್ ವಿಭಾಗದ್ದು. 2012ರಿಂದ ಅದು ಭಾರತದ ರಾಷ್ಟ್ರೀಯ ನೋಂದಣಿ ಸಂಸ್ಥೆ. ನಮ್ಮಂಥ ಜಿಲ್ಲಾಮಟ್ಟದ ಪರವಾನಗಿಯವರೂ ಅಲ್ಲಿ ನೇರವಾಗಿ ವಿಳಾಸ ಕೇಳಬಹುದು ಎಂಬುದು ನಮಗೇ ಎಂಟು ವರ್ಷ ಗೊತ್ತಿರಲಿಲ್ಲ. ಅದು ದೊಡ್ಡವರ ವ್ಯವಹಾರ ಎಂದುಕೊಂಡು ಮೇಲಿನ ಕಂಪನಿ ಕೊಟ್ಟಷ್ಟನ್ನೇ ಬಾಡಿಗೆಗೆ ತೆಗೆದುಕೊಂಡೆವು. ಗೊತ್ತಾಗದಿರಲು ನಮ್ಮ ಅಲಕ್ಷ್ಯವೂ ಕಾರಣ, ಕನ್ನಡದಲ್ಲಿ ಒಂದು ಪುಟದ ಮಾಹಿತಿಯೂ ಸಿಗದಿದ್ದುದೂ ಕಾರಣ. ಆದ್ದರಿಂದ ನಿಯಮ ಪರಿಷ್ಕರಣೆಯ ಕರಡುಗಳ ಸಾರಾಂಶವನ್ನು ಕನ್ನಡದಲ್ಲಿ ಪ್ರಕಟಿಸುವಂತೆ, ಕನ್ನಡದಲ್ಲಿ ಬರೆದ ಅಭಿಪ್ರಾಯಗಳನ್ನು ಸ್ವೀಕರಿಸಿ ಅನುವಾದಿಸಿ ಮುಂದೆ ಕಳುಹಿಸುವಂತೆ, ವರ್ಷಕ್ಕೆ ಒಮ್ಮೆಯಾದರೂ ಬೆಳಗಾವಿಯಲ್ಲಿ ಮುಕ್ತ ಸಭೆ ನಡೆಸುವಂತೆ ಆ ಸಂಸ್ಥೆಯನ್ನು ನಾನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಬೆಳಗಾವಿಯಲ್ಲಿಯೇ ಇದೆ. ಸಭಾಂಗಣಕ್ಕೂ ವಿಷಯ ತಿಳಿದ ಅಧ್ಯಾಪಕರಿಗೂ ಅಲ್ಲಿ ಕೊರತೆಯಿಲ್ಲ. ಕಂಪ್ಯೂಟರ್ ಜಾಲಗಳ ಪಾಠದಲ್ಲಿ ಉಪಜಾಲದ ಲೆಕ್ಕ ಬಿಡಿಸುವ ವಿದ್ಯಾರ್ಥಿಗಳು, ಆ ಲೆಕ್ಕದ ಹಿಂದಿರುವ ಹಂಚಿಕೆ ನಿಯಮವೊಂದನ್ನು ಓದಿ ಅದರ ಮೇಲೆ ಒಂದು ಪುಟದ ಆಕ್ಷೇಪ ಬರೆದರೆ ಅದನ್ನು ಪರೀಕ್ಷೆಯ ಅಂಕಕ್ಕೆ ಪರಿಗಣಿಸಬಹುದೇ ಎಂದೂ ವಿಶ್ವವಿದ್ಯಾಲಯ ಯೋಚಿಸಲಿ.

ಜಾಲ ನಡೆಸುವ ಗೆಳೆಯರಿಗೂ ಒಂದು ಮಾತು. ಒಂದೇ ವಿತರಣಾ ಕಾಲುವೆಯ ರೈತರು ನೀರು ಬಳಕೆದಾರರ ಸಹಕಾರ ಸಂಘ ಕಟ್ಟಿಕೊಂಡು ಒಂದೇ ಅರ್ಜಿ ಕೊಡುತ್ತಾರೆ. ಒಬ್ಬೊಬ್ಬರೇ ಹೋದರೆ ಎಂಜಿನಿಯರ್ ಕಚೇರಿಯ ಬಾಗಿಲಲ್ಲೇ ದಿನ ಕಳೆಯುತ್ತದೆಂದು ಅವರಿಗೆ ಗೊತ್ತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ನಮ್ಮಂಥವರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ. ಕಂಬದ ಬಾಡಿಗೆಯ ವಿಷಯ ಬಂದಾಗ ಒಂದಾಗಿ ಮನವಿ ಕೊಡುವ ನಾವು, ವಿಳಾಸಗಳ ವಿಷಯಕ್ಕೂ ಹಾಗೆಯೇ ಒಂದಾಗಬಹುದು. ಎಷ್ಟು ಸಂಪರ್ಕಗಳು, ಎಷ್ಟು ವಿಳಾಸಗಳು, ಒಂದು ವಿಳಾಸದ ಹಿಂದೆ ಎಷ್ಟು ಮನೆಗಳು ಎಂಬ ಮೂರು ಅಂಕಿಗಳನ್ನು ಪ್ರತಿ ಜಾಲದವರೂ ಪ್ರಾಮಾಣಿಕವಾಗಿ ಬರೆದುಕೊಟ್ಟರೆ, ಒಮ್ಮತದ ಸಭೆಯಲ್ಲಿ ಉತ್ತರಿಸದೆ ಮುಂದೆ ಹೋಗಲಾಗದ ಆಕ್ಷೇಪ ಅದರಿಂದಲೇ ಸಿದ್ಧವಾಗುತ್ತದೆ.

ಇಲ್ಲಿನ ಇಬ್ಬರು ಅಧ್ಯಾಪಕ ಮಿತ್ರರೊಂದಿಗೆ ಮೂರು ಭಾನುವಾರ ಕೂತು, 512ರ ಮಿತಿಯ ನಿಯಮವನ್ನೂ ಪ್ರಸ್ತಾವ ಸಲ್ಲಿಸುವ ಕ್ರಮವನ್ನೂ ಸರಳ ಕನ್ನಡದಲ್ಲಿ ನಾಲ್ಕು ಪುಟಗಳಿಗೆ ಇಳಿಸಿದ್ದೇವೆ. ಮರುಪರಿಶೀಲನೆಯ ದಿನಾಂಕ ಸೇರಿಸಬೇಕೆಂಬ ಪ್ರಸ್ತಾವದ ಕರಡೂ ಅದರ ಜತೆಗಿದೆ. ಅದರ ಇಂಗ್ಲಿಷ್ ಪಾಠವನ್ನು ತಿದ್ದಿಕೊಡುವವರು ಬೇಕಾಗಿದ್ದಾರೆ. ಇವುಗಳ ಒಂದು ಪ್ರತಿಯನ್ನು ಈ ಪತ್ರದೊಡನೆ ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕೇಳಿ ಬಂದವರಿಗೆ ಅದನ್ನು ಕೊಡಬೇಕೆಂದು, ಸ್ಥಳಾವಕಾಶವಿದ್ದರೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಬ್ರಾಡ್‌ಬ್ಯಾಂಡ್ ಜಾಲದ ತಂತ್ರಜ್ಞ,
ನವನಗರ, ಬಾಗಲಕೋಟೆ